ಮೈನ್‌ಕ್ರಾಫ್ಟ್ ಜಾವಾಗೆ ಫ್ಯಾಬ್ರಿಕ್: ಮಾಡ್‌ಗಳ ಹೊಂದಾಣಿಕೆ, ಕನ್ನಡ ಅನುವಾದ, ವರ್ಷಗಟ್ಟಲೆ ಬಳಸಿದ ಮೇಲೆ

ಅಂಕ ಮೊದಲೇ ಹೇಳಿಬಿಡುತ್ತೇನೆ. ಮಾಡ್ ಲೋಡರ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆಗಳನ್ನು, ಅಂದರೆ ಮಾಡ್‌ಗಳನ್ನು, ಓಡಿಸುವ ತಂತ್ರಾಂಶ) ಆಗಿ ಫ್ಯಾಬ್ರಿಕ್‌ಗೆ ಐದಕ್ಕೆ ಐದು. ಅದರ ಮೇಲೆ ಕನ್ನಡದಲ್ಲಿ ಆಡುವ ಅನುಭವಕ್ಕೆ ಐದಕ್ಕೆ ಮೂರು. ಆ ಎರಡು ಅಂಕ ಹೋಗಿದ್ದು ಒತ್ತಕ್ಷರದಿಂದ. ಅದಕ್ಕೂ ಲೋಡರ್‌ಗೂ ಸಂಬಂಧವಿಲ್ಲ.

ನಮ್ಮ ಮನೆಯಲ್ಲಿ ಆಡುವವರು ನಾನು ಮತ್ತು ಅಕ್ಕನ ಇಬ್ಬರು ಮಕ್ಕಳು. ಮಕ್ಕಳದ್ದು ಕನ್ನಡ ಮಾಧ್ಯಮ. ಲ್ಯಾಪ್‌ಟಾಪ್ ಸಾಧಾರಣದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಾಗಾಗಿ ಎರಡು ಕಾರಣಕ್ಕೆ ಮಾಡ್ ಬೇಕಾಯಿತು: ಆಟ ತಡವರಿಸದೆ ಓಡಬೇಕು, ಮತ್ತು ಹೊಸ ಹೊಸ ಸಾಮಾನು ಬೇಕು. ಮೊದಲನೆಯದಕ್ಕೆ ಸೋಡಿಯಂ ಮತ್ತು ಲಿಥಿಯಂ ಅನ್ನುವ ಎರಡು ಮಾಡ್ ಸಾಕು. ಇವೆರಡನ್ನು ಹಾಕಿದ ಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಆಟ ಆರಾಮಾಗಿ ಓಡುತ್ತಿದೆ. ಒಂದು ಎಚ್ಚರ: ಸೋಡಿಯಂ ಇದ್ದ ಕಡೆ ಆಪ್ಟಿಫೈನ್ ಅನ್ನುವ ಮಾಡ್ ಹಾಕಬೇಡಿ. ಎರಡೂ ಚಿತ್ರ ಮೂಡಿಸುವ ಭಾಗಕ್ಕೇ ಕೈ ಹಾಕುತ್ತವೆ, ಜೊತೆಗೆ ನಡೆಯುವುದಿಲ್ಲ. ಬೆಳಕು, ನೆರಳು ಚೆಂದ ಮಾಡುವ ಶೇಡರ್ ಬೇಕಿದ್ದರೆ ಐರಿಸ್ ಅನ್ನುವ ಮಾಡ್ ಇದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಜಾವಾ ಆವೃತ್ತಿಗೆ ಮಾಡ್ ಬರೆಯಲು ಅಧಿಕೃತವಾದ ದಾರಿ ಇಲ್ಲ. ಅದಕ್ಕೇ ಲೋಡರ್ ಬೇಕು. ಫೋರ್ಜ್ 2011ರಿಂದ ಇದೆ. ಫ್ಯಾಬ್ರಿಕ್ ಬಂದದ್ದು 2018ರಲ್ಲಿ. 2023ರಲ್ಲಿ ಫೋರ್ಜ್‌ನಿಂದ ನಿಯೋಫೋರ್ಜ್ ಕವಲೊಡೆಯಿತು. ಒಂದಕ್ಕೆ ಬರೆದ ಮಾಡ್ ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗಂತೂ ಇವು ಯಾವುವೂ ಸಲ್ಲುವುದಿಲ್ಲ.

ಹೊಂದಾಣಿಕೆ ಅಂದರೆ ಮೂರು ಸಂಗತಿ ಕೂಡಬೇಕು. ಆಟದ ಆವೃತ್ತಿ, ಲೋಡರ್, ಮತ್ತು ಆ ಮಾಡ್ ನೆಚ್ಚಿಕೊಂಡಿರುವ ಬೇರೆ ಮಾಡ್‌ಗಳು. ಫ್ಯಾಬ್ರಿಕ್ ನನಗೆ ಇಷ್ಟವಾಗುವುದು ಇಲ್ಲೇ. ಪ್ರತಿ ಮಾಡ್‌ನ ಒಳಗೂ ಒಂದು ವಿವರದ ಫೈಲ್ ಇರುತ್ತದೆ. ಯಾವುದು ಇರಲೇಬೇಕು, ಯಾವುದರ ಜೊತೆ ಕೂಡುವುದಿಲ್ಲ ಅನ್ನುವುದನ್ನು ಬರೆದವರು ಅದರಲ್ಲಿ ನಮೂದಿಸಿರುತ್ತಾರೆ. ಏನಾದರೂ ಕಡಿಮೆ ಬಿದ್ದರೆ ಆಟ ಶುರುವಾಗುವ ಮೊದಲೇ ಒಂದು ಕಿಟಕಿ ತೆರೆದು, ಇಂಥ ಮಾಡ್‌ಗೆ ಇಂಥದ್ದರ ಈ ಆವೃತ್ತಿ ಬೇಕು ಅಂತ ಹೆಸರು ಹಿಡಿದು ಹೇಳುತ್ತದೆ. ಹತ್ತರಲ್ಲಿ ಎಂಟು ಸಲ ಕೊರತೆ ಇರುವುದು ಫ್ಯಾಬ್ರಿಕ್ ಎಪಿಐ, ಅಂದರೆ ಬಹಳಷ್ಟು ಮಾಡ್‌ಗಳು ನೆಚ್ಚಿಕೊಂಡಿರುವ ಸಾಮಾನ್ಯ ಮಾಡ್. ಲೋಡರ್ ಬೇರೆ, ಎಪಿಐ ಬೇರೆ. ಎಪಿಐಯನ್ನು ಮಾಡ್ಸ್ ಫೋಲ್ಡರ್‌ಗೆ ನಾವೇ ಹಾಕಬೇಕು.

ಈ ಕಿಟಕಿಗೆ ಸಿಗದ ಜಗಳಗಳೂ ಇವೆ. ಫ್ಯಾಬ್ರಿಕ್ ಮಾಡ್‌ಗಳು ಮಿಕ್ಸಿನ್ ಅನ್ನುವ ವಿಧಾನದಿಂದ ಆಟದ ಕೋಡ್ ನಡುವೆ ತಮ್ಮ ಸಾಲು ತೂರಿಸುತ್ತವೆ. ಎರಡು ಮಾಡ್ ಒಂದೇ ಜಾಗಕ್ಕೆ ತೂರಿದರೆ ತಿಕ್ಕಾಟ ಆಗಬಹುದು. ಒಮ್ಮೆ ಪೀಠೋಪಕರಣದ ಮಾಡ್ ಒಂದನ್ನು ಅಪ್‌ಡೇಟ್ ಮಾಡಿದ ಮೇಲೆ ಮೆನು ಚೆನ್ನಾಗಿ ಬರುತ್ತಿತ್ತು, ಲೋಕ ತೆರೆದ ಕೂಡಲೇ ಆಟ ಬಿದ್ದುಹೋಗುತ್ತಿತ್ತು. ಎಲ್ಲರೂ ಆ ಮಾಡನ್ನೇ ಬೈಯುತ್ತಿದ್ದೆವು. ಆಟ ಶುರುಮಾಡುವ ಪ್ರಿಸಂ ಲಾಂಚರ್‌ನಲ್ಲಿ ಪ್ರತಿ ಮಾಡ್ ಪಕ್ಕ ಒಂದು ಟಿಕ್ ಗುರುತು ಇರುತ್ತದೆ. ಅರ್ಧ ಮಾಡ್‌ಗಳ ಟಿಕ್ ತೆಗೆದು ಓಡಿಸಿ ನೋಡುವುದು, ಬಿದ್ದರೆ ಉಳಿದದ್ದರಲ್ಲಿ ಮತ್ತೆ ಅರ್ಧ ತೆಗೆಯುವುದು. ಹೀಗೆ ಹುಡುಕಿದಾಗ ಸಿಕ್ಕಿಬಿದ್ದದ್ದು ವಸ್ತುಗಳ ಹೆಸರು ತೋರಿಸುವ ಒಂದು ಪುಟ್ಟ ಮಾಡ್. ಅದನ್ನು ತೆಗೆದೆ, ಎಲ್ಲ ಸರಿಹೋಯಿತು. ಲಾಗ್ಸ್ ಫೋಲ್ಡರ್‌ನ ಕೊನೆಯ ಲಾಗ್ ತೆರೆದರೆ ಬಹಳ ಸಲ ಮಿಕ್ಸಿನ್ ಸಾಲಿನಲ್ಲೇ ಕಿತಾಪತಿ ಮಾಡಿದ ಮಾಡ್‌ನ ಹೆಸರು ಇರುತ್ತದೆ. ಇಂಗ್ಲಿಷ್ ನೋಡಿ ಹೆದರಬೇಡಿ, ಹೆಸರು ಮಾತ್ರ ಹುಡುಕಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಸ ಬ್ಲಾಕ್ ಸೇರಿಸುವ ಮಾಡನ್ನು ಮಧ್ಯದಲ್ಲಿ ತೆಗೆದರೆ ಆ ಬ್ಲಾಕ್‌ಗಳು ಲೋಕದಿಂದ ಮಾಯವಾಗುತ್ತವೆ. ಮಕ್ಕಳು ಕಟ್ಟಿದ ಮನೆಯ ಗೋಡೆ ಹೋದರೆ ಸಮಾಧಾನ ಮಾಡುವುದು ಸುಲಭ ಅಲ್ಲ. ತೆಗೆಯುವ ಮೊದಲು ಸೇವ್ಸ್ ಫೋಲ್ಡರ್ ನಕಲು ಮಾಡಿಟ್ಟುಕೊಳ್ಳಿ.

ಆವೃತ್ತಿ ಯಾವುದು ಅಂತ ಕೇಳುವವರಿಗೆ: ಮೊದಲು ಮಾಡ್ ಆರಿಸಿ, ಆಮೇಲೆ ಆವೃತ್ತಿ. 2024ರ ಏಪ್ರಿಲ್‌ನಲ್ಲಿ ಬಂದ 1.20.5ರಲ್ಲಿ ವಸ್ತುಗಳ ಮಾಹಿತಿ ಇಡುವ ರೀತಿಯೇ ಬದಲಾಯಿತು. ಆಟ ಓಡಲು ಬೇಕಾದ ಜಾವಾ ಕೂಡ 17ರಿಂದ 21ಕ್ಕೆ ಏರಿತು. ಎಷ್ಟೋ ಮಾಡ್‌ಗಳನ್ನು ಬುಡದಿಂದ ತಿದ್ದಬೇಕಾಯಿತು. ನಾವು ಈಗಲೂ 1.20.1ರಲ್ಲೇ ಇದ್ದೇವೆ. ಏನೂ ಕಳೆದುಕೊಂಡಂತೆ ಅನ್ನಿಸಿಲ್ಲ.

ಈಗ ಕನ್ನಡ. ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಸ್ವಯಂಸೇವಕರು ಮಾಡಿದ ಅನುವಾದ. ಆದರೆ ಮಾಡ್‌ಗಳು ಕನ್ನಡದಲ್ಲಿ ಬರುವುದು ತೀರಾ ಅಪರೂಪ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆದಾಗ ಮಕ್ಕಳು ಇಂಗ್ಲಿಷ್ ಇರುವ ಸಾಮಾನನ್ನು ಮುಟ್ಟುವುದೇ ಇಲ್ಲ. ಅದನ್ನು ನೋಡಿಯೇ ನಾನು ಅನುವಾದಕ್ಕೆ ಕೂತದ್ದು.

ಒಳ್ಳೆಯ ಸುದ್ದಿ ಅಂದರೆ ಇದಕ್ಕೆ ಕೋಡ್ ಬರೆಯುವುದು ಗೊತ್ತಿರಬೇಕಿಲ್ಲ. ಮಾಡ್‌ನ ಜಾರ್ ಫೈಲನ್ನು ಜಿಪ್‌ನಂತೆ ತೆರೆಯಿರಿ. ಅಸೆಟ್ಸ್, ಮಾಡ್‌ನ ಹೆಸರು, ಲ್ಯಾಂಗ್ ಅಂತ ಒಳಗೊಳಗೆ ಹೋದರೆ ಅಮೆರಿಕನ್ ಇಂಗ್ಲಿಷಿನ ಒಂದು ಜೇಸನ್ ಫೈಲ್ ಸಿಗುತ್ತದೆ. ಎಡಗಡೆ ಕೀಲಿ, ಬಲಗಡೆ ಪಠ್ಯ. ಕೀಲಿ ಮುಟ್ಟಬಾರದು, ಪಠ್ಯ ಮಾತ್ರ ಕನ್ನಡ ಮಾಡಿ 'ಕೆಎನ್_ಐಎನ್' ಹೆಸರಿನಲ್ಲಿ ಉಳಿಸಬೇಕು. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಲಿ. ಮೂಲ ಜಾರ್ ತಿದ್ದಬೇಡಿ, ಅಪ್‌ಡೇಟ್ ಆದಾಗ ಕೆಲಸವೆಲ್ಲ ಹೋಗುತ್ತದೆ. ಬೇರೆ ರಿಸೋರ್ಸ್ ಪ್ಯಾಕ್ (ಆಟದ ಚಿತ್ರ, ಪಠ್ಯ ಬದಲಿಸುವ ಫೋಲ್ಡರ್) ಮಾಡಿ ಅದರೊಳಗೆ ಇಡಿ. ಮಾಡ್‌ಗೆ ಹೊಸ ವಸ್ತು ಸೇರಿದರೂ ತೊಂದರೆಯಿಲ್ಲ, ಅನುವಾದ ಇಲ್ಲದ ಕೀಲಿಗೆ ಆಟ ಇಂಗ್ಲಿಷ್ ತೋರಿಸುತ್ತದೆ. ತಿದ್ದಿ ಉಳಿಸಿ, ಆಟದಲ್ಲೇ ಎಫ್3 ಮತ್ತು ಟಿ ಒಟ್ಟಿಗೆ ಒತ್ತಿದರೆ ಹೊಸ ಪಠ್ಯ ಬಂದುಬಿಡುತ್ತದೆ. ಒಂದು ಅಲ್ಪವಿರಾಮ ಹೆಚ್ಚುಕಮ್ಮಿ ಆದರೆ ಮಾತ್ರ ಇಡೀ ಫೈಲನ್ನೇ ಆಟ ಓದದೆ ಬಿಡಬಹುದು. ಎಲ್ಲವೂ ಇಂಗ್ಲಿಷಿಗೆ ತಿರುಗಿದರೆ ಮೊದಲು ಅದನ್ನೇ ನೋಡಿ.

ಸವಾಲು ಇರುವುದು ಖಾಲಿ ಜಾಗ ಬಿಟ್ಟ ವಾಕ್ಯಗಳಲ್ಲಿ. ಆಟಗಾರ ಸತ್ತಾಗ ಬರುವ ಸಂದೇಶ ತೆಗೆದುಕೊಳ್ಳಿ. ಅದರಲ್ಲಿ ಒಂದು ಕಡೆ ಆಟಗಾರನ ಹೆಸರು, ಇನ್ನೊಂದು ಕಡೆ ಕೊಂದ ಪ್ರಾಣಿಯ ಹೆಸರು ಬಂದು ಕೂರುತ್ತದೆ. ಆ ಖಾಲಿ ಜಾಗಗಳ ಗುರುತಿಗೆ ಸಂಖ್ಯೆ ಇರುವುದರಿಂದ ಹಿಂದೆಮುಂದೆ ಮಾಡಬಹುದು. ಆದರೆ ಪ್ರತ್ಯಯ ಅಂಟಿಸಲು ಆಗುವುದಿಲ್ಲ. ಹುಲಿ ಬಂದರೆ 'ಹುಲಿಯಿಂದ', ಭೂತ ಬಂದರೆ 'ಭೂತದಿಂದ' ಆಗಬೇಕು, ಆಟಕ್ಕೆ ಅದೆಲ್ಲ ಎಲ್ಲಿ ಗೊತ್ತು? ಸತ್ತನೋ ಸತ್ತಳೋ ಅದೂ ಗೊತ್ತಿಲ್ಲ. ನಾನು ಕೊನೆಗೆ ಇಟ್ಟದ್ದು: 'ರವಿ ಔಟ್! ಕೊಂದಿದ್ದು ಹುಲಿ.' ಮಕ್ಕಳು ಗಲ್ಲಿ ಕ್ರಿಕೆಟ್‌ನಲ್ಲಿ ಆಡುವ ಮಾತೇ ಅದು. ಯಾವ ಹೆಸರು ಬಂದರೂ ನಿಲ್ಲುತ್ತದೆ.

ಪ್ಯಾಚೌಲಿ ಅನ್ನುವ ಮಾಡ್ ಬಳಸಿ ಮಾಡಿದ ಕೈಪಿಡಿ ಪುಸ್ತಕಗಳಿಗೆ ಲ್ಯಾಂಗ್ ಫೈಲ್ ಒಂದೇ ಸಾಲದು. ಎಷ್ಟೋ ಕಡೆ ಪುಟಗಳೇ ಭಾಷೆಗೊಂದರಂತೆ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಡಾಲರ್ ಚಿಹ್ನೆಯ ಬಣ್ಣದ ಸಂಕೇತಗಳು ಬರುತ್ತವೆ, ಅವನ್ನು ಹಾಗೇ ಬಿಡಬೇಕು. ಕೆಲವು ಮಾಡ್‌ಗಳಲ್ಲಿ ಪಠ್ಯವನ್ನು ಕೋಡ್ ಒಳಗೇ ಬರೆದುಬಿಟ್ಟಿರುತ್ತಾರೆ. ಅಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ, ಬರೆದವರನ್ನೇ ಕೇಳಬೇಕು.

ಇನ್ನು ಆ ಎರಡು ಅಂಕದ ವಿಷಯ. ಆಟ ಕನ್ನಡ ಅಕ್ಷರಗಳನ್ನು ಯೂನಿಫಾಂಟ್ ಅನ್ನುವ ಫಾಂಟ್‌ನಿಂದ ತೆಗೆದು ಒಂದರ ಪಕ್ಕ ಒಂದು ಇಡುತ್ತದೆ. ಕೂಡಿಸಿ ಬರೆಯುವುದಿಲ್ಲ. ಒತ್ತು ಕೆಳಗೆ ಹೋಗುವುದಿಲ್ಲ, ಗುಣಿತದ ಚಿಹ್ನೆಗಳೂ ಅಕ್ಷರಕ್ಕೆ ಅಂಟದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಬೇರೆ ಫಾಂಟ್ ಹಾಕಿದರೂ ಅಕ್ಷರದ ಅಂದ ಬದಲಾಗುತ್ತದೆಯೇ ಹೊರತು ಜೋಡಣೆ ಬರುವುದಿಲ್ಲ. 'ಮರ' ಸರಿಯಾಗಿ ಬರುತ್ತದೆ. ಆದರೆ ಇದು ಅಗೆಯುವ ಆಟ ಅಲ್ವಾ? ಕಲ್ಲು, ಮಣ್ಣು, ಕಬ್ಬಿಣ, ಚಿನ್ನ, ವಜ್ರ. ದಿನವಿಡೀ ನೋಡುವ ಹೆಸರುಗಳಲ್ಲೆಲ್ಲ ಒತ್ತಕ್ಷರವೇ. ಮಕ್ಕಳು ಅಭ್ಯಾಸಬಲದಿಂದ ಓದಿಕೊಳ್ಳುತ್ತಾರೆ, ಆದರೆ ಕನ್ನಡ ಹೀಗೆ ಬಿಡಿಬಿಡಿಯಾಗಿ ಕಾಣುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಹಿಂದಿ, ತಮಿಳು ಆಟಗಾರರದ್ದೂ ಇದೇ ಗೋಳು.

2025ರ ಅಕ್ಟೋಬರ್‌ನಲ್ಲಿ ಜಾವಾ ಆವೃತ್ತಿಯ ಕೋಡನ್ನು ಇನ್ನು ಮುಂದೆ ಮರೆಮಾಚುವುದಿಲ್ಲ ಎಂದು ಘೋಷಣೆಯಾಯಿತು. ಅಕ್ಷರ ಮೂಡಿಸುವ ಭಾಗವನ್ನು ಓದಿ ತಿದ್ದುವವರಿಗೆ ಇದರಿಂದ ದಾರಿ ಸುಲಭವಾಗುತ್ತದೆ. ಕೋಡ್ ಬಲ್ಲ ಕನ್ನಡಿಗರು ಯಾರಾದರೂ ಇದಕ್ಕೆ ಕೈ ಹಾಕಿದರೆ ಪರೀಕ್ಷೆ ಮಾಡಿಕೊಡಲು ನಾನು ತಯಾರಿದ್ದೇನೆ. ಅಲ್ಲಿಯವರೆಗೆ ಅನುವಾದ ನಿಲ್ಲಿಸಬೇಡಿ. ನಿಮ್ಮ ಕನ್ನಡ ಫೈಲನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ, ಮಾಡ್‌ನ ಲೈಸೆನ್ಸ್ ನೋಡಿಕೊಂಡು, ಬರೆದವರಿಗೆ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಕಳಿಸಿ. ಸೇರಿಸಿಕೊಂಡರೆ ಮುಂದಿನ ಆವೃತ್ತಿಯಿಂದ ಅದು ಮಾಡ್ ಜೊತೆಗೇ ಎಲ್ಲರಿಗೂ ಸಿಗುತ್ತದೆ.