ಶೆಲ್ಟರ್‌ನಿಂದ ನಾಯಿ ತಂದ್ವಿ – ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಯಾಕಂದ್ರೆ...

ಈ ಶೆಲ್ಟರ್ ರಿವ್ಯೂ ಓದಿದ್ರೆ ಅರ್ಧ ಜನ ಬೈದಿರೋದು ಒಂದೇ ವಿಷ್ಯಕ್ಕೆ, ತುಂಬಾ ಪ್ರಶ್ನೆ ಕೇಳ್ತಾರೆ ಅಂತ. ನಿಜ, ಕೇಳ್ತಾರೆ. ಬಾಡಿಗೆ ಮನೇನಾ, ಓನರ್ ಒಪ್ಪಿದಾರಾ, ದಿನಕ್ಕೆ ಎಷ್ಟು ಗಂಟೆ ಮನೇಲಿ ಯಾರೂ ಇರಲ್ಲ, ಮಕ್ಕಳಿಗೆ ಎಷ್ಟು ವಯಸ್ಸು, ನೀವು ಊರಿಗೆ ಹೋದ್ರೆ ನಾಯಿನ ಯಾರು ನೋಡ್ಕೋತಾರೆ, ಹೀಗೇ ಪಾಟೀಸವಾಲು. ನಮ್ಮನೆಯವ್ರಿಗೆ ಮಧ್ಯದಲ್ಲೇ ಸಿಟ್ಟು ಬಂದು ಎದ್ದು ಹೊರಗೆ ಹೋದ್ರು. ಆದ್ರೆ ನನ್ನ ಪ್ರಕಾರ ಇಲ್ಲಿ ಸಿಗೋ ಬೆಸ್ಟ್ ಸರ್ವಿಸ್ಸೇ ಅದು.

ಯಾಕಂದ್ರೆ ನಾವು ಹೋಗಿದ್ದು ಮರಿ ಬೇಕು ಅಂತ. ಇಬ್ರೂ ಕೆಲಸಕ್ಕೆ ಹೋಗ್ತೀವಿ ಅಂದ ತಕ್ಷಣ ಅಲ್ಲಿದ್ದ ಹುಡುಗಿ ಮರಿ ಬೇಡ ಮೇಡಂ ಅಂತ ನೇರವಾಗೇ ಹೇಳಿದ್ಲು. ಮರಿಗೆ ಆರೆಂಟು ವಾರದಿಂದ ವ್ಯಾಕ್ಸಿನ್ ಶುರುವಾದ್ರೆ 16 ವಾರ ಆಗೋವರೆಗೂ ಎರಡರಿಂದ ನಾಲ್ಕು ವಾರಕ್ಕೊಂದ್ಸಲ ಹಾಕಿಸ್ತಾನೇ ಇರ್ಬೇಕಂತೆ, ತಾಯಿ ಹಾಲಿಂದ ಬಂದ ರೋಗನಿರೋಧಕ ಶಕ್ತಿ ಕಮ್ಮಿ ಆಗೋವರೆಗೂ ವ್ಯಾಕ್ಸಿನ್ ಸರಿಯಾಗಿ ಕೆಲಸ ಮಾಡಲ್ಲ, ಅಷ್ಟರೊಳಗೆ ಪಾರ್ವೋ (ವಾಂತಿ-ಭೇದಿ ತರೋ ವೈರಸ್ ಕಾಯಿಲೆ) ತಗುಲಿದ್ರೆ ಮರಿ ಉಳಿಯೋದೇ ಕಷ್ಟ. ಅದೂ ಅಲ್ದೆ ಮಿಕ್ಸ್ ತಳಿ ಮರಿ ಮುಂದೆ ಎಷ್ಟು ದೊಡ್ಡದಾಗತ್ತೆ, ಸ್ವಭಾವ ಹೇಗಿರತ್ತೆ ಅಂತ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ. ಬೆಳೆದಿರೋ ನಾಯಿ ಆದ್ರೆ ಕಣ್ಣೆದುರಿಗೇ ಇರತ್ತೆ.

ಹಂಗೆ ತೋರಿಸಿದ್ದೇ ನಮ್ಮ ಚುಕ್ಕಿನ. ಕೇಜ್ ಒಳಗಿದ್ದಾಗ ಬೊಗಳಿ ಬೊಗಳಿ ಕಿವಿ ಕಿತ್ತೋಗೋ ಹಂಗೆ ಮಾಡಿದ್ಲು, ನಂಗಂತೂ ಇಷ್ಟಾನೇ ಆಗ್ಲಿಲ್ಲ. ಬೇರೆ ಜಾಗಕ್ಕೆ ಬಿಟ್ಟು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಮುಟ್ಬೇಡಿ ಅಂದ್ರು, ತಾನೇ ಬಂದು ಮಗನ ಪಕ್ಕ ಮಲಗಿದ್ಲು. ಕೇಜ್ ನೋಡಿ ನಾಯಿ ರಿಜೆಕ್ಟ್ ಮಾಡ್ಬೇಡಿ ದಯವಿಟ್ಟು. ಬೆಕ್ಕಿನ ಜೊತೆ ಹೇಗಿರ್ತಾಳೆ ಅಂತ ಕೇಳಿದ್ದಕ್ಕೆ ಟೆಸ್ಟ್ ಮಾಡಿಲ್ಲ, ಗೊತ್ತಿಲ್ಲ ಅಂದ್ರು, ಸುಮ್ನೆ "ಎಲ್ಲಾ ಓಕೆ" ಅನ್ಲಿಲ್ಲ.

ಮರಿ ಆಗದಂಗೆ ಆಪರೇಷನ್, ರೇಬೀಸ್ ವ್ಯಾಕ್ಸಿನ್, ಜಂತಿನ ಔಷಧಿ, ಮೈಕ್ರೋಚಿಪ್ ಎಲ್ಲಾ ಮುಗಿಸೇ ಕೊಟ್ರು. ಚಿಪ್ ಅಂದ್ರೆ ಜಿಪಿಎಸ್ ಅಲ್ಲ ಮತ್ತೆ (ನಮ್ಮ ಮೈದುನ ಇನ್ನೂ ನಂಬಿಲ್ಲ), ಅದ್ರಲ್ಲಿರೋದು ಬರೀ ನಂಬರ್, ಸ್ಕ್ಯಾನರ್ ಹಿಡಿದ್ರೆ ಮಾತ್ರ ಕಾಣ್ಸತ್ತೆ. ರಿಜಿಸ್ಟ್ರೇಷನ್‌ನಲ್ಲಿ ನಮ್ಮ ಫೋನ್ ನಂಬರ್ ಇಲ್ದಿದ್ರೆ ಅದಿದ್ದೂ ದಂಡ, ಅಲ್ಲೇ ಕೂರಿಸಿ ಚೇಂಜ್ ಮಾಡಿಸಿದ್ರು.

ಈಗ ಆ ಒಂದು ಸ್ಟಾರ್ ವಿಷ್ಯ. ಮನೆಗೆ ಬಂದ ಮೊದಲನೇ ವಾರದಲ್ಲೇ ಗಂಟಲಲ್ಲಿ ಏನೋ ಸಿಕ್ಕಾಕೊಂಡಂಗೆ ಗೊರ ಗೊರ ಕೆಮ್ಮು ಶುರುವಾಯ್ತು, ಡಾಕ್ಟರ್ ನೋಡಿ ಕೆನಲ್ ಕಾಫ್ ಅಂದ್ರು. ತುಂಬಾ ನಾಯಿ ಒಟ್ಟಿಗಿರೋ ಕಡೆ ಇದು ಮಾಮೂಲಂತೆ, ಸೋಂಕು ತಗುಲಿ ಎರಡು ದಿನದಿಂದ ಎರಡು ವಾರದೊಳಗೆ ಕಾಣಿಸ್ಕೊಳ್ಳತ್ತೆ, ಅಂದ್ರೆ ಕೊಡೋ ದಿನ ನಾಯಿ ಚೆನ್ನಾಗೇ ಇರತ್ತೆ. ಅದಕ್ಕೆ ಶೆಲ್ಟರ್‌ನ ಬೈಯಲ್ಲ. ಹೇಳದೇ ಕಳಿಸಿದ್ದಕ್ಕೆ ಬೈತೀನಿ. ಮನೇಲಿ ಇನ್ನೊಂದು ನಾಯಿ ಇದ್ದಿದ್ರೆ ಅದಕ್ಕೂ ಅಂಟ್ತಿತ್ತು, ಅಷ್ಟು ಪ್ರಶ್ನೆ ಕೇಳೋರು ಇದೊಂದು ಮಾತು ಹೇಳಕ್ಕೆ ಏನಾಗಿತ್ತು? ಫೋನ್ ಮಾಡಿದ್ರೂ ಬೇಗ ಎತ್ತಲ್ಲ. ಕಾಲರ್ ಬಿಚ್ಚಿ ಹಾರ್ನೆಸ್ (ಎದೆ ಸುತ್ತ ಹಾಕೋ ಪಟ್ಟಿ) ಹಾಕಿ ಅಂದಿದ್ದೂ ಡಾಕ್ಟರ್ರೇ, ಕತ್ತು ಎಳೆದ್ರೆ ಕೆಮ್ಮು ಜಾಸ್ತಿ ಆಗತ್ತೆ ಅಂತ. ಈಗ ಹುಷಾರಾಗಿದಾಳೆ.

ನಾಯಿ ಹೊಸ ಮನೆಗೆ ಹೊಂದ್ಕೊಳ್ಳೋಕೆ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳ್ತಾರೆ, ಮೊದ್ಲು ಹೆದರಿಕೆ ಹೋಗೋಕೆ, ಆಮೇಲೆ ರೂಢಿ ಆಗೋಕೆ, ಕೊನೆಗೆ ಇದು ನಮ್ಮನೆ ಅನ್ಸೋಕೆ. ಅಂದಾಜಷ್ಟೇ, ಚುಕ್ಕಿ ಸೋಫಾ ಕೆಳಗಿಂದ ಆಚೆ ಬರಕ್ಕೇ ಮೂರು ದಿನಕ್ಕಿಂತ ಜಾಸ್ತಿ ತಗೊಂಡ್ಲು. ಆದ್ರೆ ಶೆಲ್ಟರ್‌ನೋರು ಶುರುವಲ್ಲಿ ಸ್ನಾನ ಮಾಡಿಸ್ಬೇಡಿ, ನೆಂಟರನ್ನ ಕರೀಬೇಡಿ ಅಂದಿದ್ದು ಸರಿಯಾಗಿತ್ತು, ಮಗ ಅವನ ಫ್ರೆಂಡ್ಸ್‌ನೆಲ್ಲಾ ಕರ್ಕೊಂಡ್ಬರ್ತೀನಿ ಅಂತ ಕುಣೀತಿದ್ದ.

ಹೊಂದಾಣಿಕೆ ಆಗ್ಲಿಲ್ಲ ಅಂದ್ರೆ ಯಾವಾಗ ಬೇಕಾದ್ರೂ ವಾಪಸ್ ತಗೋತಾರೆ, ಅಗ್ರಿಮೆಂಟಲ್ಲೇ ಬರೆದಿದೆ. ಕೆಲವ್ರಿಗೆ ಅದು ಅಪಶಕುನ ಅನ್ಸಬಹುದು, ನಂಗೆ ಧೈರ್ಯ ಬಂದಿದ್ದೇ ಆ ಸಾಲು ಓದಿ. ಹೋಗೋರು ಶನಿವಾರ ಭಾನುವಾರ ಬಿಟ್ಟು ಹೋಗಿ, ರಶ್ಶಲ್ಲಿ ನಾಯಿಗಳೂ ಗಾಬರಿಯಾಗಿರ್ತವೆ, ಸ್ಟಾಫ್‌ಗೂ ಮಾತಾಡೋಕೆ ಟೈಮ್ ಇರಲ್ಲ. ವ್ಯಾಕ್ಸಿನ್ ಬುಕ್ಕಲ್ಲಿ ಸ್ಟಿಕ್ಕರ್, ತಾರೀಕು, ಡಾಕ್ಟರ್ ಸಹಿ ಮೂರೂ ಇದ್ಯಾ ನೋಡ್ಕೊಂಡೇ ಸೈನ್ ಮಾಡಿ, ಕೆಮ್ಮೋ ನಾಯಿ ಅಕ್ಕಪಕ್ಕದ ಕೇಜಲ್ಲಿತ್ತಾ ಅಂತ ನೀವೇ ಬಾಯಿಬಿಟ್ಟು ಕೇಳಿ.