ಮೆಶ್ ವೈಫೈ: ಎರಡು ಮಳೆಗಾಲ ಬಳಸಿದ ಮೇಲೆ

ಶಿರಸಿಯಿಂದ ಸ್ವಲ್ಪ ಒಳಗಿರುವ ನಮ್ಮ ಹಳೇ ಹಂಚಿನ ಮನೆಗೆ ಮೂರು ಡಬ್ಬದ ಮೆಶ್ ವೈಫೈ ಸೆಟ್ ತಂದು ಎರಡು ಮಳೆಗಾಲ ಕಳೆಯಿತು. ಮೆಶ್ ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಡಬ್ಬಗಳು ಒಂದಕ್ಕೊಂದು ಜೋಡಿಕೊಂಡು ಒಂದೇ ವೈಫೈಯನ್ನು ಎಲ್ಲ ಕಡೆ ಹರಡುವುದು. ಎಸಿ1200 ಎಂಬ ವೇಗದ ದರ್ಜೆಯದು, ಭಾರೀ ದುಬಾರಿಯದಲ್ಲ. ತಗೊಳ್ಳಬಹುದಾ ಅಂತ ಕೇಳಿದರೆ ಧಾರಾಳವಾಗಿ ತಗೊಳ್ಳಿ ಎನ್ನುತ್ತೇನೆ. ಜೊತೆಗೆ ಒಂದು ಸುರುಳಿ ಲ್ಯಾನ್ ಕೇಬಲ್ಲನ್ನೂ ತನ್ನಿ. ಕೇಬಲ್ ಎಳೆಯುವ ಉಮೇದಿಲ್ಲದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.

ಫೈಬರ್ ಬಂದು ಇಳಿಯುವುದು ಜಗಲಿಗೆ. 100 ಎಂಬಿಪಿಎಸ್ ಪ್ಲಾನ್. ಮೋಡೆಮ್‌ಗೆ ಲ್ಯಾಪ್‌ಟಾಪನ್ನು ವೈರಿನಲ್ಲೇ ಸಿಕ್ಕಿಸಿ ನೋಡಿದರೆ 90ರ ಮೇಲೆ ಬರುತ್ತಿತ್ತು. ನಾನು ಕೆಲಸ ಮಾಡುವ ಮೆತ್ತಿನ (ಮಹಡಿಯ) ಮೇಲೆ ವೈಫೈನಲ್ಲಿ 5 ದಾಟಿದರೆ ಪುಣ್ಯ. ಅಂದರೆ ಲೈನ್ ಸರಿಯಿದೆ, ಅಡ್ಡ ಇರುವುದು ಗೋಡೆ. ಇಷ್ಟು ನೋಡದೆ ಸುಮ್ನೆ ದೊಡ್ಡ ಪ್ಲಾನಿಗೆ ಹೋದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ನಮ್ಮ ವೈಫೈ ಸಿಗ್ನಲ್ಲಿನಲ್ಲಿ ಎರಡು ಬಗೆ. 5 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಮ್ಮಿ. 2.4 ಗಿಗಾಹರ್ಟ್ಸ್‌ನದು ಹೇಗೋ ದಾಟುತ್ತದೆ, ಆದರೆ ನಿಧಾನ. ಆಷಾಢದಲ್ಲಿ ಗೋಡೆ ನೀರು ಕುಡಿದು ನಿಂತಾಗಂತೂ ಇನ್ನೂ ಕಷ್ಟ, ನೀರು ಸಿಗ್ನಲ್ಲನ್ನು ಹೀರುತ್ತದೆ. ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು. ದೂರದ ಕೋಣೆಯ ಹಳೇ ಲ್ಯಾಪ್‌ಟಾಪ್ ಸಿಗ್ನಲ್ ಸಾಲದೆ ತೆವಳುತ್ತಾ ಡೌನ್‌ಲೋಡ್ ಮಾಡುತ್ತಿದ್ದರೆ, ಮೋಡೆಮ್ ಪಕ್ಕದಲ್ಲೇ ಇರುವ ಹೊಸ ಕಂಪ್ಯೂಟರೂ ತನ್ನ ಸರದಿಗೆ ಕಾಯಬೇಕು. ನಮ್ಮ ಮನೆಯ ನಾಲ್ಕು ಕಂಪ್ಯೂಟರ್ ಒಟ್ಟಿಗೇ ಮಂಕಾಗುತ್ತಿದ್ದುದು ಇದಕ್ಕೇ.

ಡಬ್ಬ ಮೂರನ್ನೂ ಬರೀ ವೈಫೈನಲ್ಲಿ ಜೋಡಿಸಿದಾಗ ಮೆತ್ತಿನಲ್ಲಿ 25ರ ಆಸುಪಾಸು. ಮೊದಲಿಗಿಂತ ಎಷ್ಟೋ ವಾಸಿ ನಿಜ, ಆದರೆ ಅಷ್ಟು ದುಡ್ಡಿಗೆ ಸಮಾಧಾನ ಆಗಲಿಲ್ಲ. ಈ ಬೆಲೆಯ ಸೆಟ್‌ಗಳಲ್ಲಿ ಡಬ್ಬ ಡಬ್ಬದ ನಡುವಿನ ಮಾತಿಗೂ ನಮ್ಮ ಲ್ಯಾಪ್‌ಟಾಪಿಗೂ ಒಂದೇ ರೇಡಿಯೋ. ಹಾಗಾಗಿ ಡಬ್ಬದಿಂದ ಡಬ್ಬಕ್ಕೆ ಒಂದೊಂದು ಜಿಗಿತಕ್ಕೆ ವೇಗ ಹೆಚ್ಚುಕಡಿಮೆ ಅರ್ಧ. ಆಮೇಲೆ ಜಗಲಿಯಿಂದ ಮೆತ್ತಿಗೆ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಎಳೆದೆವು. ಹಂಚಿನ ಮೇಲೆ ಎಳೆದರೆ ಮಂಗಗಳು ಬಿಡುತ್ತವಾ? ಒಳಗೇ, ತೊಲೆಯ ಗುಂಟ, ಪಿವಿಸಿ ಪೈಪಿನಲ್ಲಿ. ಪೈಪು ಇಲಿಗೋಸ್ಕರ. ಕೇಬಲ್ ಚುಚ್ಚಿದ ಮೇಲೆ ಡಬ್ಬ ತಾನೇ ಅದನ್ನು ಹಿಡಿಯಿತು, ಯಾವ ಸೆಟ್ಟಿಂಗೂ ಬೇಕಾಗಲಿಲ್ಲ. ಈಗ ಮೆತ್ತಿನಲ್ಲೂ 85, 90. ಕೊಳ್ಳುವಾಗ ಪೋರ್ಟ್ ನೋಡಿಕೊಳ್ಳಿ. ಕೆಲವು ಅಗ್ಗದ ಮಾಡೆಲ್ಲಿನಲ್ಲಿ 100 ಎಂಬಿಪಿಎಸ್ ಪೋರ್ಟೇ ಇರುತ್ತದೆ, ಮುಂದೆ ದೊಡ್ಡ ಪ್ಲಾನ್ ಹಾಕಿಸಿದರೆ ಅಲ್ಲೇ ಗಂಟು.

ಸೆಟ್ಟಿನ ಜೊತೆ ಬರುವ ಆಪ್ ನನಗೆ ಅಷ್ಟಕ್ಕಷ್ಟೆ. ವೈಫೈಯ ಹೆಸರು ಬದಲಿಸುವುದಕ್ಕೂ ಅಕೌಂಟ್ ಬೇಕು ಅಂದರೆ ಹೇಗೆ? ಆದರೆ ಅದರಲ್ಲಿರುವ ಕ್ಯೂಒಎಸ್, ಅಂದರೆ ಯಾವ ಸಾಧನಕ್ಕೆ ಮೊದಲ ಆದ್ಯತೆ ಎಂದು ಹೇಳುವ ಸೌಲಭ್ಯ, ಉಪಯೋಗಕ್ಕೆ ಬಂತು. ಮಗಳ ಫೋನಿನ ಫೋಟೋಗಳೆಲ್ಲ ಬ್ಯಾಕಪ್ ಆಗುವಾಗ ಅಪ್‌ಲೋಡ್ ತುಂಬಿ ನನ್ನ ಮೀಟಿಂಗ್‌ನ ಧ್ವನಿ ಕಡಿಯುತ್ತಿತ್ತು. ಆಫೀಸ್ ಲ್ಯಾಪ್‌ಟಾಪಿಗೆ ಆದ್ಯತೆ ಕೊಟ್ಟ ಮೇಲೆ ಆ ಕಾಟ ತಪ್ಪಿತು.

ನಮ್ಮ ಕಡೆಯ ಕಾಟಗಳು ಬೇರೆ. ಮೊದಲ ಮಳೆಗಾಲದಲ್ಲಿ ಮೆತ್ತಿನ ಡಬ್ಬ ಆಗಾಗ ರೀಸ್ಟಾರ್ಟ್ ಆಗತೊಡಗಿತು. ಎತ್ತಿ ನೋಡಿದರೆ ಅಡಿಯ ಗಾಳಿ ಕಿಂಡಿಯಿಂದ ಸಣ್ಣ ಇರುವೆಗಳು ಬಿಳಿ ಮೊಟ್ಟೆ ಹೊತ್ತು ಸಾಲಾಗಿ ಹೊರಟವು. ಬೆಚ್ಚಗಿದೆ, ಒಣಗಿದೆ, ಅವಕ್ಕೆ ಇನ್ನೇನು ಬೇಕು! ಒಂದು ಮಧ್ಯಾಹ್ನ ಬಿಸಿಲಿಗಿಟ್ಟು ಖಾಲಿ ಮಾಡಿಸಿ, ಗೋಡೆ ಬಿಟ್ಟು ತೂಗುಹಾಕಿದೆ. ಆಮೇಲೆ ಬಂದಿಲ್ಲ. ಕರೆಂಟಂತೂ ಗೊತ್ತಲ್ಲ. ಇನ್ವರ್ಟರಿಗೆ ಹೊರಳುವಾಗಲೆಲ್ಲ ಮೋಡೆಮ್ ಆರಿ ಹತ್ತುತ್ತಿತ್ತು. 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆ, ಈಗ ಕಾಲ್ ಕಟ್ಟಾಗುವುದಿಲ್ಲ. ಅದನ್ನು ತರುವ ಮುಂಚೆ ನಿಮ್ಮ ಅಡಾಪ್ಟರಿನ ವೋಲ್ಟು, ಆಂಪಿಯರ್ ಓದಿಕೊಳ್ಳಿ.

ದೊಡ್ಡ ಪೆಟ್ಟು ಕೊಟ್ಟಿದ್ದು ಸಿಡಿಲು. ಮೂರನೇ ಡಬ್ಬ ಇರುವ ಅಂಗಳದಾಚೆಯ ಅಡಿಕೆ ಕೋಣೆಗೂ ಮಣ್ಣಿನಡಿಯಲ್ಲಿ ಕೇಬಲ್ ಹೋಗಿತ್ತು. ಮೇ ತಿಂಗಳ ಒಂದು ಸಂಜೆ ಹತ್ತಿರದಲ್ಲೆಲ್ಲೋ ಹೊಡೆಯಿತು. ಅಲ್ಲಿನ ಡಬ್ಬದ ದೀಪ ಉರಿಯುತ್ತಲೇ ಇತ್ತು, ಲ್ಯಾನ್ ಪೋರ್ಟ್ ಮಾತ್ರ ಸತ್ತಿತ್ತು. ಸಿಡಿಲಿಗೆ ವಾರಂಟಿ ಇಲ್ಲ ಎಂದರು. ತಾಮ್ರದ ಕೇಬಲ್ಲು ಕಟ್ಟಡದಿಂದ ಕಟ್ಟಡಕ್ಕೆ ಹೋದರೆ ಈ ಅಪಾಯ ಇದ್ದದ್ದೇ. ಸದ್ಯ ಆ ಡಬ್ಬ ವೈಫೈನಲ್ಲೇ ನಡೆಯುತ್ತಿದೆ, ಅಡಿಕೆ ಲೆಕ್ಕದ ಕಂಪ್ಯೂಟರಿಗೆ ಅಷ್ಟು ಸಾಕು. ಮುಂದಿನ ಬೇಸಿಗೆಯ ಒಳಗೆ ಅಲ್ಲಿಗೆ ಲೋಹದ ತಂತಿಯಿಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ಲ್ಯಾನ್ ಕೇಬಲ್ಲಿನ ಸಿಗ್ನಲ್ಲನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಡಬ್ಬಿ) ಕೂರಿಸುವುದು. ಫೈಬರ್ ಅಂದರೆ ಗಾಜಿನ ಎಳೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ.