ನೆಲದ ಅದುರು ಹಿಡಿಯಲು ವೈಫೈ, ಸಿಮ್, ಲೋರಾ: ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೋರಾಗೆ. ಲೋರಾ ಅಂದರೆ ಕಡಿಮೆ ಬ್ಯಾಟರಿಯಲ್ಲಿ ಚಿಕ್ಕ ಸುದ್ದಿಯನ್ನು ದೂರಕ್ಕೆ ಕಳಿಸುವ ರೇಡಿಯೋ.

ಚಿತ್ರದುರ್ಗದ ಹೊರಗಿರುವ ನಮ್ಮ ಹೊಲದ ಆಚೆ ಕಲ್ಲು ಕ್ವಾರಿ ಇದೆ. ಮನೆ ಅದುರಿದಾಗಲೆಲ್ಲ ಅದು ಬ್ಲಾಸ್ಟೋ, ಭೂಕಂಪವೋ ಅನ್ನೋ ಚರ್ಚೆ. ಅದಕ್ಕೇ ಮೂರು ಕಡೆ ಜಿಯೋಫೋನ್, ಅಂದರೆ ನೆಲದ ಅಲುಗಾಟ ಹಿಡಿಯುವ ಸೆನ್ಸರ್, ಹೂತೆ. ಅದಕ್ಕೆ ಕರೆಂಟೇ ಬೇಡ. ನೆಲ ಅಲುಗಿದರೆ ಒಳಗಿನ ಸುರುಳಿಯಲ್ಲಿ ತಾನೇ ವೋಲ್ಟೇಜ್ ಹುಟ್ಟುತ್ತದೆ. ಬ್ಯಾಟರಿ ತಿನ್ನುವುದು ಸುದ್ದಿ ಕಳಿಸುವ ಕೆಲಸ.

ವೈಫೈ ಬೋರ್ಡು ಅಗ್ಗ. ಆದರೆ ಸದಾ ಆನ್ ಇದ್ದರೆ ಸುಮಾರು 100 ಮಿಲಿಆಂಪ್ ಎಳೆಯುತ್ತದೆ. 2500 ಮಿಲಿಆಂಪ್-ಅವರ್ ಸೆಲ್ ಒಂದೇ ದಿನಕ್ಕೆ ಖಾಲಿ. ಹೊಲದಲ್ಲಿ ರೂಟರ್ ಬೇರೆ ಇಲ್ಲ.

4ಜಿ ಸಿಮ್? ಮೂರಕ್ಕೂ ರೀಚಾರ್ಜ್ ಮಾಡಿಸಬೇಕು. ಬೇಡಪ್ಪ.

ಲೋರಾ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಅಂಗಡಿಯಲ್ಲಿ 433 ಮೆಗಾಹರ್ಟ್ಸ್‌ನ ಲೋರಾ ಮಾಡ್ಯೂಲೂ ಸಿಗುತ್ತದೆ, ಕೊಳ್ಳುವಾಗ ನಂಬರ್ ನೋಡಿ. ಒಂದು ಮಿತಿ ಇದೆ. ಸೆಕೆಂಡಿಗೆ 100 ಸಲ, 24 ಬಿಟ್‌ನಲ್ಲಿ ಓದಿದರೆ ಒಂದು ಜಿಯೋಫೋನಿಗೇ ಸೆಕೆಂಡಿಗೆ 2400 ಬಿಟ್. ಅತಿ ದೂರದ ಸೆಟ್ಟಿಂಗ್‌ನಲ್ಲಿ ಲೋರಾ ಸೆಕೆಂಡಿಗೆ 300 ಬಿಟ್ ಕೂಡ ದಾಟಿಸುವುದಿಲ್ಲ. ಹಾಗಾಗಿ ಅಲೆ ಪೂರ್ತಿ ಮೆಮೊರಿ ಕಾರ್ಡಿಗೆ. ಗಾಳಿಯಲ್ಲಿ ಹೋಗುವುದು ಅದುರು ಬಂದ ಹೊತ್ತು, ಜೋರು ಎಷ್ಟು, ಅಷ್ಟೇ.

ತಲೆ ತಿಂದಿದ್ದು ಗಡಿಯಾರ. ಎಲ್ಲಿಂದ ಬಂತು ಅಂತ ತಿಳಿಯಲು ಯಾವ ನೋಡ್ (ಜಿಯೋಫೋನ್ ಜೊತೆ ಬೋರ್ಡು ಇರುವ ಒಂದೊಂದು ಜಾಗ) ಮೊದಲು ಅಲುಗಿತು ಅನ್ನೋದು ಗೊತ್ತಾಗಬೇಕು. ಗಟ್ಟಿ ಬಂಡೆಯಲ್ಲಿ ಪಿ ಅಲೆ, ಅಂದರೆ ಎಲ್ಲಕ್ಕಿಂತ ಮೊದಲು ತಲುಪುವ ಅದುರಿನ ಅಲೆ, ಸೆಕೆಂಡಿಗೆ 5 ಕಿಲೋಮೀಟರ್ ಓಡುತ್ತದೆ ಅಂದುಕೊಳ್ಳಿ. ನೋಡ್‌ಗಳ ನಡುವೆ 2 ಕಿಲೋಮೀಟರ್ ಇದ್ದರೆ ಜಾಸ್ತಿ ಅಂದರೆ 0.4 ಸೆಕೆಂಡ್ ವ್ಯತ್ಯಾಸ. ಬೋರ್ಡಿನ ಗಡಿಯಾರ ನಡೆಸುವ ಮಾಮೂಲಿ 20 ಪಿಪಿಎಂ (ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ತಪ್ಪು) ಕ್ರಿಸ್ಟಲ್ ದಿನಕ್ಕೆ 1.7 ಸೆಕೆಂಡ್ ತಪ್ಪಬಹುದು! ಬ್ಲಾಸ್ಟ್ ಕ್ವಾರಿಯಲ್ಲಾದರೆ ನನ್ನ ಲೆಕ್ಕ ಜೋಗಿಮಟ್ಟಿ ಬೆಟ್ಟದ ಕಡೆ ತೋರಿಸುತ್ತಿತ್ತು.

ಜಿಪಿಎಸ್ ಹಾಕಿದೆ. ಸಮಯ ಪಕ್ಕಾ, ಆದರೆ ಆನ್ ಇದ್ದಷ್ಟು ಹೊತ್ತೂ 40 ಮಿಲಿಆಂಪ್ ಹತ್ತಿರ ಕುಡಿಯುತ್ತದೆ. ಲೋರಾದಲ್ಲಿ ಉಳಿಸಿದ್ದು ಅಲ್ಲಿಗೆ ಹೋಯಿತು, ಅಲ್ವಾ? ಕೊನೆಗೆ ಡಿಎಸ್3231 ಗಡಿಯಾರದ ಚಿಪ್ ಸೇರಿಸಿ, ಜಿಪಿಎಸ್ ಗಂಟೆಗೊಮ್ಮೆ ಮಾತ್ರ ಎದ್ದು ಸಮಯ ಸರಿಮಾಡುವಂತೆ ಬರೆದೆ. ಆ ಚಿಪ್ಪಿನದು 2 ಪಿಪಿಎಂ, ಅಂದರೆ ಗಂಟೆಗೆ 7 ಮಿಲಿಸೆಕೆಂಡ್ ತಪ್ಪು. ಸಾಕು.

ಈ ವಿಷಯದಲ್ಲಿ ವೈಫೈ ಗೆದ್ದಿದೆ, ಒಪ್ಪುತ್ತೇನೆ. ಸಮಯ ಇಂಟರ್ನೆಟ್‌ನಿಂದಲೇ ಸಿಗುತ್ತದೆ.

ತ್ರೀಫೇಸ್ ಬಂದು ಪಂಪ್‌ಸೆಟ್ ಶುರುವಾದಾಗ ಹತ್ತಿರದ ನೋಡ್ ಸುಮ್ನೆ ಕೂಗುತ್ತದೆ. ಮೂರೂ ಅಲುಗಿದರೆ ಮಾತ್ರ ಲೆಕ್ಕಕ್ಕೆ.

ದಾವಣಗೆರೆ ಪೇಟೆಯೊಳಗೆ, ಪ್ಲಗ್ ಪಕ್ಕ ಇಡುವವರು ವೈಫೈ ತಗೊಳ್ಳಿ. ನಾನು ಹೊಲಕ್ಕೆ ಹೋಗುವುದು ವಾರಕ್ಕೊಮ್ಮೆ. ಮೆಮೊರಿ ಕಾರ್ಡ್ ಆಗ ತರಬಹುದು, ಸೆಲ್ ಬದಲಿಸಲು ದಿನಾ ಓಡಾಡಲಾರೆ.